ಹಣ್ಣು ಹುಳದ ದಿನ

ಮೊದಲ ವಾರ ವಾಂತಿ, ಎರಡನೆಯ ವಾರ ಬಾಯಿಹುಣ್ಣು, ಮೂರನೆಯ ವಾರ ಸ್ವಲ್ಪ ಮನುಷ್ಯಳಾಗುತ್ತಿದ್ದೆ. ಅಬ್ಬಾ, ಮನುಷ್ಯಳಾದೆ ಅನ್ನುವಷ್ಟರಲ್ಲಿ ಮತ್ತೆ ಕೀಮೋ. ಇಪ್ಪತ್ತೊಂದು ದಿನಕ್ಕೊಮ್ಮೆ, ಒಟ್ಟು ಆರು ಸಲ ಎಂದು ಡಾಕ್ಟರು ಹೇಳಿದಾಗ ಆರು ತಾನೇ ಅಂದುಕೊಂಡಿದ್ದೆ. ವರ್ಷಕ್ಕೆ ಆರೇಳು ಬೆಳೆ ರೇಷ್ಮೆಗೂಡು ತೆಗೆಯುವ ಮನೆ ನಮ್ಮದು. ಆರು ಎಂದರೆ ನನಗೆ ಎಷ್ಟರದು? ಎರಡನೆಯದು ಮುಗಿಯುವ ಹೊತ್ತಿಗೆ ನಾನೆಂಥ ಪೆದ್ದಿ ಎಂದು ಗೊತ್ತಾಯಿತು.

ನಮ್ಮದು ಮೇಲೂರಿನ ಪಕ್ಕದ ಊರು. ಮನೆಯಲ್ಲಿ ನಾನು, ನಮ್ಮನೆಯವರು, ಅತ್ತೆ, ಮೂರೇ ಜನ. ಮಗಳು ಮದುವೆಯಾಗಿ ಗೌರಿಬಿದನೂರಿನಲ್ಲಿದ್ದಾಳೆ. ರೇಷ್ಮೆಹುಳ ಸಾಕುವ ಹುಳುಮನೆ ನಮ್ಮ ಮನೆಗೆ ಅಂಟಿಕೊಂಡೇ ಇದೆ. ನಾನು ಮಲಗುವ ಕೋಣೆಗೂ ಅದಕ್ಕೂ ನಡುವೆ ಒಂದೇ ಗೋಡೆ, ಗೋಡೆಯ ಮೇಲ್ಗಡೆ ಜಾಲರಿ ಬಡಿದ ಒಂದು ಕಿಂಡಿ. ಇಪ್ಪತ್ತಮೂರು ವರ್ಷದಿಂದ ಆ ಹುಳುಮನೆಯ ಯಜಮಾನಿಕೆ ನನ್ನದು, ಅಲ್ಲಿಯ ಕಾನೂನೂ ನನ್ನದೇ. ಮಲ್ಲಿಗೆ ಮುಡಿದವರು ಬರುವಂತಿಲ್ಲ. ಬೀಡಿ ಸೇದಿದವರು ಹತ್ತಿರ ಸುಳಿಯುವಂತಿಲ್ಲ. ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನ ಬಾಣಲೆಯಲ್ಲಿ ಕಾಲು ಅದ್ದದೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಒಂದು ಸಲ ನಮ್ಮನೆಯವರ ಸ್ವಂತ ಅಣ್ಣ ಮದುವೆಮನೆಯಿಂದ ಸೆಂಟು ಘಮಘಮಿಸಿಕೊಂಡು ಬಂದಿದ್ದಕ್ಕೆ ಬಾಗಿಲಿಂದಲೇ ಅಟ್ಟಿದ್ದೆ. ಹುಳ ಬಲು ನಾಜೂಕು, ನಾನು ಒರಟಿ. ಇಬ್ಬರಿಗೂ ಹೊಂದಿಕೊಂಡು ಹೋಗುತ್ತಿತ್ತು.

ಎಡ ಎದೆಯ ಗಡ್ಡೆ ತೆಗೆಸಿ, ಗಾಯ ಆರಿ, ಮೊದಲ ಕೀಮೋ ಹಾಕಿಸಿಕೊಂಡ ದಿನ ಆಸ್ಪತ್ರೆಯ ನರ್ಸಮ್ಮ ಒಂದಷ್ಟು ಪಾಠ ಹೇಳಿದಳು. ಔಷಧಿ ಎರಡು ದಿನ ಮೈಯಿಂದ ಹೊರಗೆ ಹೋಗುತ್ತಿರುತ್ತದೆ, ಬಟ್ಟೆ ಬೇರೆ ಒಗೆಯಿರಿ, ಕಕ್ಕಸಿಗೆ ಎರಡೆರಡು ಸಲ ನೀರು ಹಾಕಿ ಎಂದಳು. ಅಷ್ಟು ಕೇಳಿದ್ದೇ ತಡ, ನಾನು ತೀರ್ಮಾನ ಮಾಡಿಬಿಟ್ಟೆ. ಪಕ್ಕದ ತೋಟದವರು ದ್ರಾಕ್ಷಿಗೆ ಔಷಧಿ ಹೊಡೆದರೆ ಗಾಳಿಯಲ್ಲಿ ತೇಲಿ ಬಂದ ಅಷ್ಟಕ್ಕೇ ಸಾಯುವ ಹುಳ ನನ್ನ ಕೈ ತಾಗಿದರೆ ಉಳಿದೀತೇ? ಮುಗಿಯುವ ತನಕ ಹುಳುಮನೆಗೆ ಕಾಲಿಡುವುದಿಲ್ಲ ಎಂದು ನಾನೇ ಹೇಳಿದೆ. ನಮ್ಮನೆಯವರು ಸರಿ ಅಂದರು. ಅತ್ತೆ ಏನೂ ಅನ್ನಲಿಲ್ಲ. ಹಾಗೆಲ್ಲ ಏನೂ ಆಗಲ್ಲ, ಬಾ ಅಂತ ಒಂದು ಮಾತು ಯಾರಾದರೂ ಅಂದಾರೆಂದು ಕಾದಿದ್ದೆ. ಯಾರೂ ಅನ್ನಲಿಲ್ಲ. ನಾನು ಮಾಡಿದ ಕಾನೂನು ನನ್ನ ಕಾಲಿಗೇ ಸುತ್ತಿಕೊಂಡಿತು.

ಮೊದಲ ವಾರ ಎಂದರೆ ವಾಸನೆಯ ವಾರ. ಕೆಂಪು ಔಷಧಿ ಒಳಗೆ ಹೋದ ದಿನ ಮೂತ್ರವೂ ಕೆಂಪಗೆ, ನಾಲಿಗೆಯ ಮೇಲೆ ಹಳೇ ಚಿಲ್ಲರೆ ಕಾಸು ಇಟ್ಟುಕೊಂಡ ರುಚಿ. ಸಾಸಿವೆ ಸಿಡಿದರೆ ಸಾಕು, ಹೊಟ್ಟೆ ಬಾಯಿಗೆ ಬರುತ್ತಿತ್ತು. ಹುಳ ಇರುವಾಗ ನಮ್ಮಲ್ಲಿ ಘಾಟು ಒಗ್ಗರಣೆ ಹಾಕುವುದಿಲ್ಲವಾದ್ದರಿಂದ ಅದೊಂದು ಸಲೀಸಾಯಿತು. ಈಗ ಮನೆಯಲ್ಲಿ ಎರಡು ಬಗೆಯ ಹುಳ ಎಂದು ನಮ್ಮನೆಯವರು ತಮಾಷೆ ಮಾಡಿದರು. ಕೋಣೆ ಚೊಕ್ಕಟವಾಗಿರಬೇಕು ಎಂದು ಡಾಕ್ಟರು ಹೇಳಿದ್ದಕ್ಕೆ ಅವರು ಮಾಡಿದ ಏರ್ಪಾಟೇನು ಗೊತ್ತೇ? ಹುಳುಮನೆಯಲ್ಲಿದ್ದಂಥದೇ ಇನ್ನೊಂದು ಬಾಣಲೆ ತಂದು ಬ್ಲೀಚಿಂಗ್ ನೀರು ತುಂಬಿ ನನ್ನ ಬಾಗಿಲಲ್ಲಿಟ್ಟರು. ಆ ಘಾಟಿಗೆ ನಾನು ಕಕ್ಕಿದ್ದು ನೋಡಿ ಅದನ್ನು ಎತ್ತಿಕೊಂಡು ಓಡಿದ್ದೂ ಅವರೇ. ಪಾಪ, ಇಪ್ಪತ್ತಮೂರು ವರ್ಷ ನಾನು ಬೈದು ಕಲಿಸಿದ್ದನ್ನೇ ಮಾಡಿದ್ದರು.

ಆ ಕೋಣೆಯಲ್ಲಿ ನನಗೆ ಉಳಿದಿದ್ದು ಗೋಡೆಯೊಂದೇ. ಕಿಂಡಿಯಿಂದ ಹುಳ ಸೊಪ್ಪು ಮೇಯುವ ಸದ್ದು ಬರುತ್ತಿತ್ತು. ಸಣ್ಣ ಹುಳವಿದ್ದಾಗ ಏನೂ ಕೇಳಿಸದು. ಪೊರೆ ಬಿಟ್ಟು ಬಿಟ್ಟು ದೊಡ್ಡದಾದ ಮೇಲೆ ಸರಸರ ಸದ್ದು ಹಗಲಿಡೀ ಇರುತ್ತದೆ. ಸದ್ದು ಇಳಿದರೆ ಸೊಪ್ಪು ಮುಗಿಯಿತೆಂದು ಅರ್ಥ. ನಾನು ಮಲಗಿದಲ್ಲಿಂದಲೇ ಗೋಡೆ ಗುದ್ದುತ್ತಿದ್ದೆ. ಬರ್ತಾ ಇದೀನಿ ಮಹರಾಯ್ತಿ, ಎಂದು ಆ ಕಡೆಯಿಂದ ನಮ್ಮನೆಯವರ ಉತ್ತರ ಬರುತ್ತಿತ್ತು. ಅವರು ತೋಟದಲ್ಲಿದ್ದರೆ ಅತ್ತೆ ಸೊಪ್ಪು ಹಾಕುವ ಸದ್ದಷ್ಟೇ ಕೇಳಿಸುತ್ತಿತ್ತು.

ಎರಡನೆಯ ವಾರವೇ ನಿಜವಾದ ಸೆರೆ. ಬಾಯಿಯ ಒಳಗೆಲ್ಲ ಹುಣ್ಣು, ರಾಗಿ ಗಂಜಿಯೂ ಮೆಣಸಿನಕಾಯಿಯಂತೆ ಉರಿಯುತ್ತಿತ್ತು. ರಕ್ತದಲ್ಲಿ ಬಿಳಿ ಕಣ ತಳ ಮುಟ್ಟುವುದು ಆ ವಾರವೇ. ಆ ವಾರಕ್ಕೆ ಡಾಕ್ಟರು ಒಂದು ದೊಡ್ಡ ಕಟ್ಟಳೆ ಹಾಕಿದ್ದರು. ಜ್ವರ ನೂರು ದಾಟಿದರೆ ಹಗಲೋ ರಾತ್ರಿಯೋ ನೋಡದೆ ಒಂದು ಗಂಟೆಯೊಳಗೆ ಹೊರಡಬೇಕು, ಮಾತ್ರೆ ನುಂಗಿ ಕಾಯುವಂತಿಲ್ಲ, ಈ ಹೊತ್ತಿನಲ್ಲಿ ಸಣ್ಣ ಜ್ವರವೂ ಜೀವ ತೆಗೆಯುತ್ತದೆ. ನೆಂಟರು ಬರುವಂತಿಲ್ಲ, ಹೂವು ಬೇಡ, ಹಸಿ ಹಣ್ಣು ಬೇಡ. ಮಗಳು ಹೊತ್ತು ಹೊತ್ತಿಗೆ ಫೋನು ಮಾಡಿ ಟೆಂಪರೇಚರ್ ಎಷ್ಟು ಎಂದು ಕೇಳುತ್ತಿದ್ದಳು. ಹೋಮ್‌ವರ್ಕ್ ಒಪ್ಪಿಸುವಂತೆ ಒಪ್ಪಿಸುತ್ತಿದ್ದೆ.

ಪ್ರತಿ ಸಲವೂ ಆ ವಾರದಲ್ಲೇ, ಸಾಕು, ಮುಂದಿನದಕ್ಕೆ ಹೋಗುವುದಿಲ್ಲ ಎಂದು ನಿಶ್ಚಯಿಸುತ್ತಿದ್ದೆ. ಗಡ್ಡೆ ಹೇಗೂ ತೆಗೆದಾಗಿದೆ, ಉಳಿದಿದ್ದು ದೇವರಿಗೆ ಬಿಟ್ಟಿದ್ದು ಎಂದು ನನಗೆ ನಾನೇ ವಾದ ಹೂಡುತ್ತಿದ್ದೆ. ಔಷಧಿ ಪೂರ್ತಿ ಆಗದಿದ್ದರೆ ಕಾಯಿಲೆ ಮತ್ತೆ ಬರುವ ಸಂಭವ ಹೆಚ್ಚು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು, ಗೊತ್ತಿತ್ತು. ಗೊತ್ತಿದ್ದೂ ಹಾಗೆ ಅನಿಸುತ್ತಿತ್ತು. ಮೂರನೆಯ ವಾರ ಬಾಯಿಗೆ ಉಪ್ಪುಹುಳಿ ತಿಳಿದು, ಅವರೆಕಾಳಿನ ಸಾರಿಗೆ ಅರ್ಧ ಮುದ್ದೆ ಇಳಿದರೆ ಆ ನಿಶ್ಚಯ ಎಲ್ಲೋ ಹೋಗುತ್ತಿತ್ತು. ಕೂದಲು ಮೊದಲ ಸರದಿಯಲ್ಲೇ ದಿಂಬಿನ ಮೇಲೆ ಉಳಿದಿತ್ತು. ಅದಕ್ಕೆ ನಾನು ಅಳಲಿಲ್ಲ. ಉಗುರು ಕಪ್ಪಾಗಿ ಬುಡ ನೋಯತೊಡಗಿದಾಗ ಅತ್ತೆ, ಈ ಕೈಯಲ್ಲಿ ಸೊಪ್ಪು ಹಿಡಿಯೋದು ಹೇಗೆ ಎಂದು ನಿಟ್ಟುಸಿರು ಬಿಟ್ಟರು. ಆಗ ಅತ್ತುಬಿಟ್ಟೆ.

ನಾಲ್ಕನೆಯ ಕೀಮೋ ಆಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ಕೀಮೋಗೆ ಕೆಂಪು ಸುತ್ತು, ಹುಳಕ್ಕೆ ನೀಲಿ ಸುತ್ತು ಹಾಕುವುದು ನನ್ನ ಅಭ್ಯಾಸ. ಔಷಧಿ ಹಾಕಿ ಹತ್ತನೆಯ ದಿನವೂ ಹುಳ ಹಣ್ಣಾಗುವ ದಿನವೂ ಒಂದೇ ತಾರೀಖಿನ ಮೇಲೆ ಬಿದ್ದಿದ್ದವು. ಹಣ್ಣಾಗುವುದೆಂದರೆ ಹುಳ ಮೇಯುವುದನ್ನು ಬಿಟ್ಟು, ಮೈಯೆಲ್ಲ ಹಳದಿ ತಿರುಗಿ, ನೂಲು ಬಿಡಲು ತಲೆ ಎತ್ತಿ ಹುಡುಕಾಡುವುದು. ಅವತ್ತೇ ಒಂದೊಂದನ್ನೂ ಕೈಯಿಂದ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಅವು ಕಾಯುವುದಿಲ್ಲ; ಕಸದಲ್ಲೇ, ಕಡ್ಡಿಯಲ್ಲೇ ಸುತ್ತಿಕೊಂಡುಬಿಡುತ್ತವೆ. ಇಡೀ ಬೆಳೆಯ ದುಡಿತ ಆ ಒಂದು ದಿನದ್ದು. ಹಣ್ಣು ಹುಳದ ದಿನ ನಮ್ಮ ಕಡೆ ಹೆಣ ಬಿದ್ದರೂ ಏಳುವುದಿಲ್ಲ ಎಂಬ ಮಾತಿದೆ. ನಾನೂ ಎಷ್ಟೋ ಸಲ ಆ ಮಾತನ್ನು ಆಡಿ ನಕ್ಕಿದ್ದೇನೆ.

ಅವತ್ತು ಬೆಳಗ್ಗೆ ಏಳುವಾಗ ಗೋಡೆಯಾಚೆ ಸದ್ದು ನಿಂತಿತ್ತು. ಹಣ್ಣಾಗಿವೆ ಎಂದು ಖುಷಿಪಟ್ಟೆ. ಆ ಖುಷಿಯಲ್ಲೇ ಥರ್ಮಾಮೀಟರ್ ಇಟ್ಟುಕೊಂಡರೆ ನೂರು ದಾಟಿ ಆರು ಗೆರೆ ಮೇಲಿತ್ತು.

ಕೂಗಲಿಲ್ಲ. ಊರಲ್ಲಿ ನಾಲ್ಕು ಮನೆಯ ಹುಳ ಒಟ್ಟಿಗೇ ಹಣ್ಣಾಗಿ ಆಳು ಸಿಕ್ಕಿರಲಿಲ್ಲ; ಸಾದಲಿ ಕಡೆಯಿಂದ ಬರಬೇಕಿದ್ದವರಲ್ಲಿ ಇಬ್ಬರು ಹೆಂಗಸರು ಮಾತ್ರ ಬಂದಿದ್ದರು. ನಮ್ಮನೆಯವರು ಹೊರಟರೆ ಉಳಿಯುವುದು ಮೂರು ಜೊತೆ ಕೈ. ಸಂಜೆಯ ತನಕ ತಾನೇ, ಸಂಜೆ ಹೇಳಿದರಾಯಿತು ಅಂದುಕೊಂಡು ಜ್ವರದ ಮಾತ್ರೆ ನುಂಗಿದೆ. ತೊಂಬತ್ತೊಂಬತ್ತಕ್ಕೆ ಇಳಿಯಿತು. ಮಗಳ ಫೋನಿಗೆ ತೊಂಬತ್ತೆಂಟು ಅಂದೆ. ಮಧ್ಯಾಹ್ನಕ್ಕೆ ನೂರೊಂದೂವರೆ ಆಯಿತು. ಏಪ್ರಿಲ್ ಬಿಸಿಲು, ಮೇಲೆ ಶೀಟಿನ ಸೂರು, ಎರಡು ರಗ್ಗು ಹೊದ್ದರೂ ಹಲ್ಲು ಕಟಕಟ ಅನ್ನುತ್ತಿತ್ತು. ಸಾಯುವ ಭಯವಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ತುಂಬ ಭಯವಾಗಿತ್ತು. ಆದರೂ ಬಾಯಿಂದ ಕೂಗು ಹೊರಡಲಿಲ್ಲ. ಎದ್ದು ಹೋಗಿ ಹೇಳೋಣವೆಂದರೆ ಹುಳುಮನೆಯ ಹೊಸ್ತಿಲು ನಾನು ದಾಟುವಂತಿಲ್ಲ, ಗೋಡೆ ಗುದ್ದಿದರೆ ಕೆಲಸ ಕೆಡುತ್ತದೆ. ಮೂರು ಹೆಜ್ಜೆ ಆಚೆ ಜನ ಓಡಾಡುವುದು ಕೇಳಿಸುತ್ತಿತ್ತು. ಈ ಬೆಳೆ ಕೆಟ್ಟರೆ ಅದು ನನ್ನಿಂದ ಎನ್ನುವ ಹೆದರಿಕೆಯೇ ಹೆಚ್ಚಾಯಿತು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವ ಹಾಗಾಗುತ್ತದೆ.

ಮೂರು ಗಂಟೆಗೆ ಅತ್ತೆ ಗಂಜಿ ತಂದರು. ಅವರಿಗೆ ಎಪ್ಪತ್ತು ದಾಟಿದೆ, ಮಾತು ಕಡಿಮೆ. ಬಾಗಿಲಲ್ಲೇ ನಿಂತು ರಗ್ಗು ನೋಡಿದರು, ನನ್ನ ಮುಖ ನೋಡಿದರು. ಕೈ ತೊಳೆದು ಬಂದು ಅಂಗೈಯ ಹಿಂಬದಿಯನ್ನು ನನ್ನ ಕುತ್ತಿಗೆಗೆ ಇಟ್ಟರು. ಯಾವಾಗಿನಿಂದ ಎಂದು ಕೇಳಿದರು. ಬೆಳಗ್ಗೆಯಿಂದ ಅಂದೆ. ಗಂಜಿಯ ಲೋಟವನ್ನು ಅಲ್ಲೇ ನೆಲದ ಮೇಲಿಟ್ಟು ಹೊರಟುಹೋದರು. ಗೋಡೆಯಾಚೆ ಏನೋ ಮಾತಾಯಿತು. ನಮ್ಮನೆಯವರು ಅಂಗೈಗೆಲ್ಲ ರೇಷ್ಮೆಯ ಎಳೆ ಅಂಟಿಸಿಕೊಂಡೇ ಓಡಿ ಬಂದರು, ಹಿಂದೆಯೇ ಅತ್ತೆ.

ನಾನು ನಗುವುದಕ್ಕೆ ನೋಡಿದೆ. "ಇನ್ನರ್ಧ ಹುಳ ಹಾಗೇ ಐತೆ. ಮುಗಿಸ್ಬಿಡಿ, ಸಂಜೆ ಹೋಗಣ," ಅಂದೆ.

ನಮ್ಮನೆಯವರು ಒಂದು ಕ್ಷಣ ತಡೆದರು. ನಿಜ ಹೇಳಬೇಕು, ತಡೆದರು. ಕಣ್ಣು ಗೋಡೆಯ ಕಡೆ ಹೋಯಿತು. ಆಗ ಅತ್ತೆ ಮಾತಾಡಿದರು, ದನಿ ಏರಿಸದೆ.

"ನಾನೂ ಅವತ್ತು ಇದೇ ಮಾತು ಅಂದಿದ್ದೆ ಕಣಮ್ಮ. ನಿಮ್ಮ ಮಾವ ಎದೆ ನೋಯ್ತದೆ ಅಂದ್ರು. ಹಣ್ಣು ಹುಳ, ಇನ್ನು ನಾಕು ಚಂದ್ರಿಕೆ ಐತೆ, ಮುಗಿಸ್ಕೊಂಡು ಬರ್ತೀನಿ, ಮಲಗಿರಿ ಅಂದೆ. ಮುಗಿಸ್ದೆ. ಒಂದು ಹುಳಾನೂ ಕೆಡ್ಲಿಲ್ಲ ಅವತ್ತು."

ಮಾವ ತೀರಿಹೋಗಿದ್ದು ನಾನು ಈ ಮನೆಗೆ ಸೊಸೆಯಾಗಿ ಬರುವ ಹಿಂದಿನ ವರ್ಷ. ಮಲಗಿದ್ದವರು ಏಳಲಿಲ್ಲ, ಪುಣ್ಯವಂತರ ಸಾವು ಎಂದಷ್ಟೇ ಎಲ್ಲರೂ ಹೇಳುತ್ತಿದ್ದರು. ಆ ದಿನ ಇನ್ನೂ ಹಣ್ಣಾಗದ ಹುಳಕ್ಕೆ ಸೊಪ್ಪು ತರಲು ತೋಟಕ್ಕೆ ಹೋಗಿದ್ದ ನಮ್ಮನೆಯವರಿಗೂ ಇದು ಗೊತ್ತಿರಲಿಲ್ಲ ಎಂದು ಅವರ ಮುಖ ನೋಡಿ ತಿಳಿಯಿತು. ನಮ್ಮನೆಯವರು ಓಡಿಹೋಗಿ ಪಕ್ಕದ ಮನೆಯ ಕಾರು ತಂದರು. ಅತ್ತೆ ಹುಳುಮನೆಯನ್ನು ಆ ಇಬ್ಬರು ಹೆಂಗಸರಿಗೆ ಬಿಟ್ಟು, ಬರಿಗಾಲಲ್ಲೇ ಕಾರು ಹತ್ತಿ, ಆಸ್ಪತ್ರೆ ತಲುಪುವ ತನಕ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಅವರ ಸೀರೆಯಲ್ಲಿ ಹುಳದ ವಾಸನೆಯಿತ್ತು. ಅದೊಂದು ವಾಸನೆಗೆ ಮಾತ್ರ ನನಗೆ ಹೊಟ್ಟೆ ತೊಳಸಲಿಲ್ಲ.

ಆಸ್ಪತ್ರೆಯಲ್ಲಿ ಐದು ದಿನ ಇಟ್ಟುಕೊಂಡರು. ಬಿಳಿ ಕಣ ಇಲ್ಲವೇ ಇಲ್ಲ ಅನ್ನುವಷ್ಟಿತ್ತು. ಬಲಗೈಗೆ ಸೂಜಿ, ಮುಖಕ್ಕೆ ಮಾಸ್ಕು, ಕಿಟಕಿಯಿಲ್ಲದ ಕೋಣೆ. ಬೆಳಗ್ಗೆಯೇ ಬರಬೇಕಿತ್ತು, ರಾತ್ರಿ ಕಳೆದು ಬಂದಿದ್ದರೆ ತಮ್ಮಿಂದ ಏನೂ ಮಾಡುವುದಕ್ಕಾಗುತ್ತಿರಲಿಲ್ಲ ಎಂದು ಡಾಕ್ಟರು ಮುಖಕ್ಕೆ ಹೇಳಿದರು. ಮಗಳು ಬಂದು ಜಗಳವಾಡಿ, ಅತ್ತು, ಮತ್ತೆ ಜಗಳವಾಡಿ ಹೋದಳು. ಐದನೆಯದನ್ನು ಒಂದು ವಾರ ಮುಂದಕ್ಕೆ ಹಾಕಿದರು. ನಾನು ಒಳಗೊಳಗೇ ಗಟ್ಟಿ ಮಾಡಿಕೊಂಡೆ. ಇನ್ನು ಸಾಕು. ಮನೆಗೆ ಹೋದ ಮೇಲೆ ಹೇಳಿಬಿಡುವುದು, ಯಾರು ಏನೇ ಅನ್ನಲಿ, ಆಗುವುದಿಲ್ಲ.

ಮನೆಗೆ ಬಂದ ಮಾರನೆಯ ದಿನ ಬೆಳಗ್ಗೆ ಅತ್ತೆ ಜಗಲಿಯ ಮೇಲೆ ಗೋಣಿಚೀಲ ಹಾಸಿಕೊಂಡು ಕೂತಿದ್ದರು. ಮುಂದೆ ಒಣಗಿದ ಕಡ್ಡಿ, ಸೊಪ್ಪಿನ ರಾಶಿ. ಅವತ್ತು ಆರಿಸಲಾಗದೆ ಉಳಿದ ಹುಳವೆಲ್ಲ ಅದರಲ್ಲೇ ಗೂಡು ಕಟ್ಟಿದ್ದವು. ಕಲೆಯಾದದ್ದು, ತೆಳುವಾದದ್ದು, ಒಂದರ ಮೈಗೊಂದು ಅಂಟಿದ್ದು. ಹೆಚ್ಚೂಕಡಿಮೆ ಅರ್ಧ ಬೆಳೆ. ಅತ್ತೆ ಒಂದೊಂದನ್ನೇ ಬಿಡಿಸುತ್ತಿದ್ದರು. ನೋಡುತ್ತಿದ್ದಂತೆ ನನಗೆ ರೇಗಿತು, ಯಾರ ಮೇಲೆಂದು ತಿಳಿಯದೆ ಅವರ ಮೇಲೇ ರೇಗಿದೆ. ಇಪ್ಪತ್ತಮೂರು ವರ್ಷ ಹೆಗಲಿಗೆ ಹೆಗಲು ಕೊಟ್ಟು ಹುಳ ಆರಿಸಿದೆವು, ಹೆಣ ಬಿದ್ದರೂ ಏಳಬಾರದು ಎಂದು ನಾನು ನಗುವಾಗೆಲ್ಲ ನೀವು ಪಕ್ಕದಲ್ಲೇ ಇದ್ದಿರಿ, ಒಂದು ದಿನವಾದರೂ ಹೇಳಬಾರದಿತ್ತೇ ಎಂದು ಕೇಳಿದೆ.

ಅತ್ತೆ ಕೈ ನಿಲ್ಲಿಸಲಿಲ್ಲ. "ಹೇಳಿದ್ರೆ ನೀನು ಆ ಹುಳುಮನೆ ಒಳಕ್ಕೆ ಬರ್ತಿದ್ಯಾ? ನಂಗೆ ಒಬ್ಳಿಗೇ ಅದರೊಳಗೆ ಹೋಗಕ್ಕೆ ಆಗ್ತಿರ್ಲಿಲ್ಲಮ್ಮ."

ಮದುವೆಯಾಗಿ ಬಂದ ಮೊದಲ ತಿಂಗಳೇ ಅವರು ಹುಳುಮನೆಯನ್ನು ನನ್ನ ಕೈಗೆ ಒಪ್ಪಿಸಿದ್ದರು. ನನ್ನ ಜಾಣತನ ಕಂಡು ಕೊಟ್ಟರೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ನಾನು ಒಳಗಿದ್ದರೆ ಮಾತ್ರ ಅವರು ಒಳಗೆ ಬರುತ್ತಿದ್ದರು. ಅದನ್ನು ನಾನು ಸೋಮಾರಿತನ ಎಂದು ಆಡಿಕೊಂಡದ್ದೂ ಉಂಟು. ಈ ನಾಲ್ಕು ಕೀಮೋದ ಹೊತ್ತಿನಲ್ಲಿ, ನಾನು ಗೋಡೆಯ ಈ ಕಡೆ ಮಲಗಿ ಗುದ್ದುತ್ತಿದ್ದಾಗ, ಮಗ ತೋಟದಲ್ಲಿರುವ ಹೊತ್ತಿನಲ್ಲಿ, ಅವರು ಒಬ್ಬರೇ ಆ ಕಡೆ ಇದ್ದರು.

ಐದನೆಯದು ಬೇಡ ಎಂದು ಹೇಳಲೆಂದೇ ನಾನು ಜಗಲಿಗೆ ಬಂದಿದ್ದೆ. ಮಾತು ಬಾಯಿಯ ತುದಿಯಲ್ಲಿತ್ತು. ಔಷಧಿ ಬಿಟ್ಟು ನಾನು ಸತ್ತರೆ ಈ ಮುದುಕಿಯನ್ನು ಆ ಹುಳುಮನೆಯೊಳಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದಂತೆ. ಸಿಟ್ಟೂ ಬಂತು, ಅಳುವೂ ಬಂತು. ನನ್ನ ಜೀವ ನನ್ನದು, ಬಿಡುತ್ತೇನೆ ಅನ್ನುವ ಹಾಗೂ ಇಲ್ಲವಲ್ಲ ಎಂದು ಸಂಕಟವಾಯಿತು. ಗೋಣಿಯ ಅಂಚಿಗೆ ಕೂತು ಕಪ್ಪು ಉಗುರಿನ ಕೈಯಿಂದ ಒಂದು ಗೂಡು ಬಿಡಿಸಲು ನೋಡಿದೆ, ನೋವಾಗಿ ಬಿಟ್ಟೆ. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಬಿಡಿಸಿದರು.

ಐದನೆಯದಕ್ಕೆ ಬೆಳಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಮಾತ್ರ ಕೇಳಿದೆ.