ನನ್ನ ಮಗುವನ್ನು ಕಂಡವರು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಯಾವ ಕಾಲದಲ್ಲೋ ಔಷಧಿ ಪೆಟ್ಟಿಗೆಯ ಮುಚ್ಚಳ ಬಿದ್ದು ಸೀಳಿದ್ದು, ಮತ್ತೆ ಕೂಡಿಕೊಳ್ಳಲೇ ಇಲ್ಲವಂತೆ. ಆ ಹೆಬ್ಬೆರಳನ್ನು ಬಸುರಿಯ ಕಾಲಿನ ಮೂಳೆಯ ಮೇಲೆ ಒತ್ತಿ ಹಿಡಿದು, ಮನಸ್ಸಿನಲ್ಲೇ ಎಣಿಸಿ, ತೆಗೆಯುತ್ತಿದ್ದರು. ಒತ್ತಿದ ಜಾಗ ಕೂಡಲೇ ತುಂಬಿಕೊಂಡರೆ ಮುಖದಲ್ಲಿ ನಗು. ಗುಂಡಿ ಹಾಗೇ ಉಳಿದರೆ ಮಾತು ನಿಲ್ಲುತ್ತಿತ್ತು. ಬಿ.ಪಿ. ಎಲ್ಲರಿಗೂ ನೋಡುತ್ತಿದ್ದರು, ಗುಂಡಿ ಉಳಿದವರಿಗೆ ಎರಡೆರಡು ಸಲ.

ಹೊಸನಗರದಿಂದ ಕೋಣಂದೂರಿನ ಕಡೆ ಬರುವ ದಾರಿಯಲ್ಲಿ ನಮ್ಮೂರು. ಊರಿನ ಸಬ್‌ಸೆಂಟರಿಗೆ ಅವರು ನರ್ಸಾಗಿದ್ದರು. ಎಲ್ಲರ ಬಾಯಲ್ಲೂ 'ಸಿಸ್ಟರ್'. ಐವತ್ತು ದಾಟಿದ್ದ ಒಂಟಿ ಹೆಂಗಸು. ಸ್ಕೂಟಿಯ ಮುಂದೆ ಚೀಲ, ಚೀಲದಲ್ಲಿ ಟವೆಲ್ಲು ಸುತ್ತಿದ ಬಿ.ಪಿ. ಪೆಟ್ಟಿಗೆ. ಯಾರ ಮನೆಗೆ ಹೋದರೂ ಮೊದಲು ಬಸುರಿಯನ್ನು ಐದು ನಿಮಿಷ ಬಾಯಿ ಮುಚ್ಚಿ ಕೂರಿಸಬೇಕು, ಆಮೇಲೇ ಪಟ್ಟಿ ಕಟ್ಟುವುದು. ನೋಡಿ ಮುಗಿಯುವವರೆಗೆ ಕೊಟ್ಟ ಕಾಫಿ ತಣ್ಣಗಾದರೂ ಮುಟ್ಟುತ್ತಿರಲಿಲ್ಲ. "ಮೇಲಿಂದು ಎಷ್ಟು ಅಂತ ಎಲ್ರೂ ಕೇಳ್ತಾರೆ. ಕೆಳಗಿಂದು ಕೇಳಿ, ಅದೇ ಕಳ್ಳ" ಎನ್ನುತ್ತಿದ್ದರು.

ನಾನಾಗ ಊರಿನ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಮದುವೆಯಾಗಿ ಐದು ವರ್ಷಕ್ಕೆ ನಿಂತ ಬಸುರು. ಆರು ತಿಂಗಳು ತುಂಬುವಾಗ ಸಂಜೆಯ ಹೊತ್ತಿಗೆ ಚಪ್ಪಲಿ ಕಾಲಿಗೆ ಹಿಡಿಯದಾಯಿತು. "ಬಸ್ರೀಲಿ ಕಾಲು ಊದದೇ ಇರ್ತದನಾ? ನಂಗೆ ನಾಲ್ಕಕ್ಕೂ ಊದಿತ್ತು" ಎಂದರು ಅತ್ತೆ. ನನಗೂ ಅದೇ ನಂಬಿಕೆ ಬೇಕಿತ್ತು.

ಸಿಸ್ಟರ್ ಮಾತ್ರ ನಂಬಲಿಲ್ಲ. ತಾಯಿ ಕಾರ್ಡಿನಲ್ಲಿ ಹಿಂದಿನ ತಿಂಗಳು ಬರೆದದ್ದನ್ನೂ ಈ ತಿಂಗಳದ್ದನ್ನೂ ಬೆರಳಿಟ್ಟು ತೋರಿಸಿದರು. ನೂರ ಹತ್ತಿದ್ದದ್ದು ನೂರ ಮೂವತ್ತಾರಾಗಿತ್ತು, ಕೆಳಗಿನದು ತೊಂಬತ್ತು. ಹೊಸನಗರದ ಡಾಕ್ಟರ ಹತ್ತಿರ ಕಳಿಸಿ ಮಾತ್ರೆ ಬರೆಸಿದರು. ಆಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟರು. "ತಲೆನೋವು ಬಂದು ಹೋಗದೇ ಇದ್ರೆ, ಕಣ್ಣು ಮಂಜಾದ್ರೆ, ಕಣ್ಮುಂದೆ ಮಿಂಚಿದಂಗಾದ್ರೆ, ಎದೆಗೂಡಿನ ಕೆಳಗೆ ನೋವಾದ್ರೆ, ಮುಖ ಕೈ ಊದಿದ್ರೆ, ಯಾವ್ದು ಒಂದಾದ್ರೂ ನಂಗೆ ಫೋನ್ ಮಾಡು. ಯಾರನ್ನೂ ಕೇಳಕ್ಕೆ ಹೋಗ್ಬೇಡ ಮಾರಾಯ್ತಿ."

ಏಳನೇ ತಿಂಗಳಲ್ಲಿ ಸೀಮಂತ ಗೊತ್ತಾಯಿತು. ಅದಕ್ಕೆ ಎರಡು ದಿನ ಮೊದಲು ಹಣೆಯಲ್ಲಿ ಶುರುವಾದ ನೋವು ಕುತ್ತಿಗೆಯವರೆಗೂ ಇಳಿಯಿತು. ಬೋರ್ಡಿನ ಮೇಲೆ ನಾನೇ ಬರೆದ ಅಕ್ಷರ ನನಗೇ ಎರಡೆರಡಾಗಿ ಕಂಡಿತು. ಫೋನು ಕೈಯಲ್ಲೇ ಇತ್ತು. ಹೇಳಿದರೆ ಆಸ್ಪತ್ರೆಗೆ ಹೊರಡಿಸುತ್ತಾರೆ, ತೀರ್ಥಹಳ್ಳಿಯಿಂದ ಅಮ್ಮ, ಚಿಕ್ಕಮ್ಮಂದಿರು ಬರುವವರಿದ್ದಾರೆ, ಅಡುಗೆಯವರಿಗೂ ಹೇಳಿಯಾಗಿದೆ. ಐದು ವರ್ಷ 'ಎಂತ, ಇನ್ನೂ ಇಲ್ವಾ?' ಎಂದು ಕೇಳಿದವರ ಮುಂದೆ ಒಮ್ಮೆ ಹಸಿರು ಸೀರೆಯುಟ್ಟು ಕೂರಬೇಕೆಂಬ ಆಸೆಯೂ ನನ್ನದೇ. ಎರಡು ದಿನ ತಾನೆ, ಮುಗಿಯಲಿ ಎಂದುಕೊಂಡೆ.

ಸೀಮಂತದ ದಿನ ಬಳೆ ತೊಡಿಸುವಾಕೆ ನನ್ನ ಕೈ ಹಿಡಿದು ಒತ್ತಿದಳು, ಎಣ್ಣೆ ಹಚ್ಚಿದಳು, ಇನ್ನೂ ದೊಡ್ಡ ಅಳತೆಯ ಬಳೆ ತೆಗೆದಳು. ಯಾವುದೂ ಏರಲಿಲ್ಲ. ಎರಡು ಬಳೆ ಒಡೆದವು. ಹೆಂಗಸರೆಲ್ಲ "ಗಂಡು ಮಗುವೇ ಸೈ" ಎಂದು ನಕ್ಕರು. ನಾನೂ ನಕ್ಕೆ.

ಊಟಕ್ಕೆಂದು ಬಂದ ಸಿಸ್ಟರ್ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ನೇರ ನನ್ನ ಹತ್ತಿರ ಬಂದು ಕೂತರು.

"ತಲೆನೋವಿದೆಯಾ?"

"ಇಲ್ಲ ಸಿಸ್ಟರ್."

"ಸುಳ್ಳು ಹೇಳ್ಬೇಡ. ಎಷ್ಟು ದಿನ ಆಯ್ತು?"

ನನಗೆ ಅಳು ಬಂತು. ಅವರು ಸ್ಕೂಟಿಯಿಂದ ಪೆಟ್ಟಿಗೆ ತಂದು, ಆ ಹೂವು, ಹಣ್ಣಿನ ತಟ್ಟೆಗಳ ನಡುವೆಯೇ ಪಟ್ಟಿ ಕಟ್ಟಿದರು. ನೂರ ಎಪ್ಪತ್ತೆರಡು, ನೂರ ಹದಿನಾಲ್ಕು. ಎದ್ದು ನಿಂತು, "ಗಾಡಿ ಯಾರದ್ದಿದೆ?" ಎಂದರು.

ಅತ್ತೆ ಅಡ್ಡ ಬಂದರು. "ಆರತಿ ಒಂದ್ ಆಗ್ಲಿ ಸಿಸ್ಟರ್. ಅರ್ಧಕ್ಕೆ ಏಳಬಾರ್ದು. ಹತ್ತೇ ನಿಮಿಷ."

"ಹತ್ತು ನಿಮಿಷ ಇಲ್ಲ ಅಮ್ಮ. ಬೈಯೋದಿದ್ರೆ ಆಮೇಲೆ ಬೈಯಿ, ನಾನು ಇಲ್ಲೇ ಇರ್ತೀನಿ."

ಆಂಬುಲೆನ್ಸು ಬೇರೆ ಕಡೆ ಹೋಗಿತ್ತು. ಪಾತ್ರೆ ತಂದಿದ್ದ ಓಮ್ನಿಯ ಹಿಂದಿನ ಸೀಟಿನಲ್ಲಿ ಅವರ ತೊಡೆಯ ಮೇಲೆ ತಲೆಯಿಟ್ಟು ನಾನು ಹೊರಟೆ. ಗಂಡ ಮುಂದೆ ಕೂತಿದ್ದರು. ಹೊಸನಗರದಲ್ಲಿ ಡಾಕ್ಟರು ಸೊಂಟದ ಎರಡೂ ಕಡೆ ಇಂಜೆಕ್ಷನ್ ಕೊಟ್ಟು, ಅಷ್ಟರಲ್ಲಿ ಬಂದಿದ್ದ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಸಿಸ್ಟರ್ ಅದಕ್ಕೂ ಹತ್ತಿದರು. ನಾನು ನಿದ್ದೆಗೆ ಜಾರದಂತೆ ಮಾತಾಡುತ್ತಲೇ ಇದ್ದರು. ಅವರ ಅಕ್ಕನ ಕಥೆ ನಾನು ಕೇಳಿದ್ದು ಆಗಲೇ.

"ನಮ್ಮೂರು ಹೊನ್ನೆಮರಡು ಕಡೆ, ಹಿನ್ನೀರಿನ ಆಚೆ ದಡ. ಅಕ್ಕಂಗೆ ಚೊಚ್ಚಲು. ನಂಗೆ ಹದಿನಾಲ್ಕು. ಕಣ್ಣು ಕಾಣಲ್ಲ ಅಂದ್ಲು. ಆಮೇಲೆ ಫಿಟ್ಸ್ ಬಂತು. ಗಾಳಿ ಸೋಕಿದೆ ಅಂತ ಕುಂಕುಮ ಹಚ್ಚಿದ್ರು. ನನ್ನತ್ರ ಕಾಲು ಹಿಡ್ಕೊ ಅಂದ್ರು, ಹಿಡ್ಕಂಡೆ. ದೋಣಿ ಬರೋ ಹೊತ್ತಿಗೆ ಕಾಲು ತಣ್ಣಗಾಗಿತ್ತು. ಅದಕ್ಕೆ ಹೆಸ್ರಿದೆ, ಔಷಧಿ ಇದೆ ಅಂತ ಗೊತ್ತಾಗಿದ್ದು ನರ್ಸಿಂಗ್ ಓದುವಾಗ. ಆವತ್ತು ಕ್ಲಾಸಿಂದ ಎದ್ದು ಹೋಗ್ಬಿಟ್ಟೆ."

ಅಲ್ಲಿಂದ ಮುಂದೆ ನನಗೇನೂ ನೆನಪಿಲ್ಲ. ದಾರಿಯಲ್ಲಿ ನನಗೂ ಒಂದು ಸಲ ಫಿಟ್ಸ್ ಬಂತಂತೆ.

ಎಚ್ಚರವಾದಾಗ ಮೂರನೇ ದಿನ. ಹೊಟ್ಟೆ ಖಾಲಿ. ಗಂಡ ಗೋಡೆ ಕಡೆ ಮುಖ ಮಾಡಿ ನಿಂತಿದ್ದರು. ಹೇಳಿದ್ದು ಸಿಸ್ಟರ್. ಹೆಣ್ಣು ಮಗು, ಒಂದು ಕೆಜಿಗೂ ಕಡಿಮೆ, ಒಂಬತ್ತು ಗಂಟೆ ಉಸಿರಾಡಿತು. ರಕ್ತಕ್ಕಾಗಿ ಓಡಾಡುತ್ತಿದ್ದ ಗಂಡ ಬರುವಷ್ಟರಲ್ಲಿ ಬಟ್ಟೆ ಸುತ್ತಿಯಾಗಿತ್ತು. ಬಟ್ಟೆ ಸರಿಸಿ ನೋಡುವ ಧೈರ್ಯ ಅವರಿಗಾಗಲಿಲ್ಲ. ಆ ಒಂಬತ್ತು ಗಂಟೆಯೂ ಗಾಜಿನ ಪೆಟ್ಟಿಗೆಯ ಪಕ್ಕ ಇದ್ದದ್ದು ಸಿಸ್ಟರ್ ಒಬ್ಬರೇ.

"ಹೇಗಿತ್ತು?" ಎಂದು ಕೇಳಿದೆ.

"ತಲೆ ತುಂಬ ಕೂದ್ಲು. ಹಣೆ ನಿಂದೇ. ಬೆರಳು ಕೊಟ್ಟೆ, ಹಿಡ್ಕಂಡಿತ್ತು."

ಸ್ವಲ್ಪ ಹೊತ್ತಿಗೆ ನಾನು, "ಮೊದಲನೇ ದಿನವೇ ಫೋನ್ ಮಾಡಿದ್ರೆ ಉಳೀತಿತ್ತಾ?" ಎಂದೆ. ಉಳಿದವರೆಲ್ಲ ಆಮೇಲೆ 'ನಿನ್ನ ತಪ್ಪಲ್ಲ' ಎಂದರು. ಅವರು ಹಾಗೆನ್ನಲಿಲ್ಲ.

"ಗೊತ್ತಿಲ್ಲ. ಉಳೀತಿತ್ತೇನೋ. ನೀನು ಹೇಳಬೇಕಿತ್ತು. ನಾನೂ ಆ ವಾರ ನಿಮ್ಮನೆಗೆ ಬರಬೇಕಿತ್ತು, ಹೆಂಗೂ ಸೀಮಂತಕ್ಕೆ ಬರ್ತೀನಲ್ಲ ಅಂತ ಬಿಟ್ಟೆ. ಒಬ್ಳೇ ಹೊರಬೇಡ. ಅರ್ಧ ನಂಗೆ ಕೊಡು."

ಆ ಮಾತಿನಿಂದಲೇ ನಾನು ಬದುಕಿದೆ ಎಂದು ಈಗಲೂ ಅನ್ನಿಸುತ್ತದೆ.

ಊರಿಗೆ ಬಂದ ಮೇಲೆ ಅತ್ತೆ ಅವರೊಡನೆ ಮಾತು ಬಿಟ್ಟರು. ಆರತಿ ನಿಲ್ಲಿಸಿದ್ದಕ್ಕೇ ಮಗು ಹೋಯಿತೆಂದು ಅಕ್ಕಪಕ್ಕದವರಲ್ಲಿ ಹೇಳಿದರು. ಅದು ಸಿಸ್ಟರ್ ಕಿವಿಗೂ ಬಿದ್ದಿತ್ತು. ಆದರೂ ಪ್ರತಿ ಗುರುವಾರ ಬಂದು ಜಗಲಿಯ ತುದಿಯಲ್ಲಿ ಕೂತು ನನ್ನ ಬಿ.ಪಿ. ನೋಡಿ ಹೋಗುತ್ತಿದ್ದರು. ಅತ್ತೆ ಕಾಫಿ ಕೊಡುತ್ತಿರಲಿಲ್ಲ. ಅವರು ಕಾಯುತ್ತಲೂ ಇರಲಿಲ್ಲ. ನಾನು ಅವರ ಪರವಾಗಿ ಒಂದು ಮಾತೂ ಆಡಲಿಲ್ಲ. ತಲೆನೋವನ್ನು ಮುಚ್ಚಿಟ್ಟದ್ದು ನಾನೆಂದು ಅತ್ತೆಗೆ ಹೇಳಲು ನನಗೆ ಒಂದು ವರ್ಷ ಹಿಡಿಯಿತು. ಹೇಳಿದ ಮೇಲಿನ ಗುರುವಾರ ಕಾಫಿ ಬಂತು.

ಮೂರು ವರ್ಷಕ್ಕೆ ಮತ್ತೆ ಬಸುರಾದೆ. ಅಷ್ಟರಲ್ಲಿ ಸಿಸ್ಟರ್ ಕೆಲಸ ಬಿಟ್ಟು ಸಾಗರದಲ್ಲಿ ತಮ್ಮನ ಮನೆ ಸೇರಿದ್ದರು. ಹೊಟ್ಟೆಯ ಕ್ಯಾನ್ಸರು, ತಡವಾಗಿ ಗೊತ್ತಾಗಿತ್ತು. ಸುದ್ದಿ ಹೇಳಲು ಫೋನ್ ಮಾಡಿದರೆ, "ಬಿ.ಪಿ. ಮಷಿನ್ ತಗೊ. ದಿನಾ ಸಂಜೆ ಐದಕ್ಕೆ ನೋಡಿ ನಂಗೆ ಹೇಳ್ಬೇಕು" ಎಂದರು. ಡಾಕ್ಟರು ಮೊದಲಿಂದಲೇ ಒಂದು ಸಣ್ಣ ಮಾತ್ರೆ ಕೊಟ್ಟಿದ್ದರು. ಅದನ್ನು ನುಂಗಿದೆನೋ ಇಲ್ಲವೋ ಎಂದೂ ಸಿಸ್ಟರ್ ಕೇಳುತ್ತಿದ್ದರು. ನೂರಿಪ್ಪತ್ತೆರಡು, ಎಪ್ಪತ್ತೆಂಟು ಅಂದರೆ, "ಆಯ್ತು, ಮಲ್ಗು." ಕೆಳಗಿನದು ಎಂಬತ್ತೆಂಟಾದ ದಿನ ಒಂದು ಗಂಟೆಯಲ್ಲಿ ನಾಲ್ಕು ಸಲ ಫೋನ್. ತಮ್ಮ ನೋವಿನ ಬಗ್ಗೆ ಕೇಳಿದರೆ, "ಅದು ಅದರ ಪಾಡಿಗಿದೆ" ಎನ್ನುತ್ತಿದ್ದರು. ಬರಬರುತ್ತಾ ದನಿ ಸಣ್ಣಗಾಯಿತು. ನಾನು ಒಂದು ಸಂಖ್ಯೆ ಹೇಳಿ ಇನ್ನೊಂದಕ್ಕೆ ಬರುವ ಮೊದಲು ಅವರು ಉಸಿರು ತೆಗೆದುಕೊಳ್ಳುವುದು ಕೇಳಿಸುತ್ತಿತ್ತು.

ಎಂಟನೇ ತಿಂಗಳ ಒಂದು ಸಂಜೆ ಫೋನ್ ಎತ್ತಿದ್ದು ಅವರ ತಮ್ಮನ ಮಗಳು. "ಅತ್ತೆ ಬೆಳಿಗ್ಗೆ ಹೋದ್ರು" ಎಂದಳು. ಆಮೇಲೆ ಅಳುತ್ತಾ, "ನಿಮ್ಮದು ಇವತ್ತು ಎಷ್ಟಿದೆ ಅಕ್ಕಾ? ನಾನು ಕೇಳಬೇಕಂತೆ, ನಿನ್ನೆನೇ ಹೇಳಿದ್ರು" ಎಂದಳು.

ಡಾಕ್ಟರು ಬಸ್ಸು ಹತ್ತಬೇಡ ಅಂದಿದ್ದರಿಂದ ನಾನು ಹೋಗಲಿಲ್ಲ. ಅತ್ತೆ ಹೋದರು. ಎರಡು ಬಸ್ಸು ಬದಲಿಸಿ ಸಾಗರಕ್ಕೆ ಹೋಗಿ, ಮರುದಿನ ಬಂದರು. ಬಾವಿಕಟ್ಟೆಯಲ್ಲಿ ಮಿಂದು ಬಂದು, "ಐದಾಯ್ತಲ್ಲೇ, ನೋಡ್ಕಂಡ್ಯಾ?" ಎಂದರು.

ತಿಂಗಳು ತುಂಬುವ ಮೊದಲೇ ಡಾಕ್ಟರು ಗೊತ್ತು ಮಾಡಿದ ದಿನ ಮಗಳು ಹುಟ್ಟಿದಳು. ಎರಡೂವರೆ ಕೆಜಿ. ಅವಳಿಗೀಗ ನಾಲ್ಕು ವರ್ಷ. ತನಗೊಬ್ಬ ಅಕ್ಕ ಇದ್ದಳೆಂದು ಅತ್ತೆಯಿಂದ ತಿಳಿದುಕೊಂಡಿದ್ದಾಳೆ. "ಅಕ್ಕ ಹೆಂಗಿದ್ಲು ಅಮ್ಮ?" ಎಂದು ಕೇಳುತ್ತಾಳೆ. ತಲೆ ತುಂಬ ಕೂದಲಿತ್ತು, ಹಣೆ ನನ್ನ ಹಾಗಿತ್ತು, ಬೆರಳು ಕೊಟ್ಟರೆ ಹಿಡಿದುಕೊಳ್ಳುತ್ತಿದ್ದಳು ಎನ್ನುತ್ತೇನೆ. "ಕಣ್ಣು ಬಿಟ್ಟಿದ್ಲಾ?" ಎಂದು ಮೊನ್ನೆ ಕೇಳಿದಳು. ಅದನ್ನು ನಾನು ಸಿಸ್ಟರ್ ಹತ್ತಿರ ಕೇಳಿರಲಿಲ್ಲ.