ಕೆಂಡಕ್ಕನ ಮುಂದೆ ಆಡಬಾರದ ಮಾತು

ಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ಬೇಕರಿಯ ಹಿಂದಿನ ಕೋಣೆಯಲ್ಲಿ, ಆಳೆತ್ತರದ ಇಟ್ಟಿಗೆ ಒಲೆಯ ಮುಂದೆ ಒಬ್ಬ ಹೆಂಗಸು ಮಂಡಿಯೂರಿ ಕೂತಿದ್ದಾರೆ. ಮಲಗಿದ ಮಗುವಿನ ಹೊದಿಕೆ ಸರಿಸಿ ನೋಡುವಂತೆ, ಉದ್ದ ಹಿಡಿಯ ಸಲಿಕೆಯಿಂದ ಬೂದಿಯನ್ನು ಮೆಲ್ಲಗೆ ಸರಿಸುತ್ತಾರೆ. ಒಳಗಿಂದ ಕೆಂಡ ಕೆಂಪಗೆ ಇಣುಕುತ್ತದೆ. "ಎದ್ದಿದೆ" ಎನ್ನುತ್ತಾ ಸೌದೆ ಜೋಡಿಸಿ, ಊದುಕೊಳವೆ ಹಿಡಿದು, ಒಂದಿಷ್ಟು ಕೆಮ್ಮುತ್ತಾರೆ.

ಬೀದಿಗೆಲ್ಲ ಇವರು ಕೆಂಡಕ್ಕ. ಸ್ವಂತ ಹೆಸರು ಕೇಳಿದರೆ, "ಅದು ಆಸ್ಪತ್ರೆಯೋರಿಗೆ ಮಾತ್ರ ಬೇಕಾಗೋದು ಬಿಡಿ" ಎಂದು ನಗುತ್ತಾರೆ. ದಿನಕ್ಕೆ ಮುನ್ನೂರು ಬ್ರೆಡ್ಡು, ಅದರ ಎರಡರಷ್ಟು ಬನ್ನು ಬೇಯುವ ಒಲೆ ಇದು. ಕೆಲಸ ಮುಗಿದ ಮೇಲೆ ಕೆಂಡವನ್ನು ಬೂದಿಯಲ್ಲಿ ಹೂತಿಟ್ಟು, ಬೆಳಿಗ್ಗೆ ಅದರಿಂದಲೇ ಮತ್ತೆ ಹೊತ್ತಿಸುತ್ತಾರೆ. ಇದು ಬೇಕರಿ ಯಜಮಾನರ ಅಪ್ಪ ಹಚ್ಚಿದ ಬೆಂಕಿಯಂತೆ. ಬೆಂಕಿಕಡ್ಡಿಗೆ ಇಲ್ಲಿ ಕೆಲಸವೇ ಇಲ್ಲ.

ಇನ್ನೊಂದು ಮಾತಿಗೂ ಇಲ್ಲಿ ಕೆಲಸವಿಲ್ಲ: ನಂದುವುದು. ಒಲೆ ನಂದಿತು, ಆಸೆ ನಂದಿತು, ವಂಶ ನಂದಿತು ಎಂದು ನಾವೆಲ್ಲ ಹೊತ್ತುಗೊತ್ತಿಲ್ಲದೆ ಆಡಿ ಮರೆಯುತ್ತೇವೆ. ಕೆಂಡಕ್ಕನ ಬೆಂಕಿ ಮಲಗುತ್ತದೆ, ಏಳುತ್ತದೆ, ಮುನಿಸಿಕೊಳ್ಳುತ್ತದೆ, ನಂದುವುದಿಲ್ಲ. ಅವರನ್ನು ಮಾತಾಡಿಸಲು ಹೋಗಿ, ಗೊತ್ತಿಲ್ಲದೆ ಆ ಮಾತಾಡಿದ ನಾನು ಸಲಿಕೆಯ ಹಿಡಿಯಿಂದ ಮೊಣಕಾಲಿಗೆ ತಟ್ಟಿಸಿಕೊಂಡೆ.

ಅದಕ್ಕೆ ಕಾರಣವಿದೆ. ಅವರ ಗಂಡನೂ ಇದೇ ಒಲೆಯ ಮುಂದೆ ದುಡಿದವರು. ಅವರು ತೀರಿಕೊಂಡಾಗ ಮಕ್ಕಳಿರಲಿಲ್ಲ. "ಬಂದೋರೆಲ್ಲ ಈ ಮನೆ ದೀಪ ನಂದ್ಹೋಯ್ತಲ್ಲಾ ಅಂತಿದ್ರು. ನಾನು ಅಲ್ಲೇ ಕೂತಿದ್ದೆ ಕಣಪ್ಪಾ, ಗುಂಡುಕಲ್ಲಿನ ಹಾಗೆ. ನಾನೇನು ಲೆಕ್ಕಕ್ಕಿಲ್ವಾ?" ಅತ್ತು ಮುಗಿಸಿ ಬೇಕರಿಗೆ ಬಂದು, ಗಂಡನ ಸಲಿಕೆಯನ್ನು ಕೈಗೆತ್ತಿಕೊಂಡರು.

ಈಗ ಅವರ ಕಣ್ಣು ಮಂಜಾಗಿದೆ. ಒಲೆಯ ಸಹವಾಸ ಬಿಡಿ ಎಂದಿದ್ದಾರೆ ಡಾಕ್ಟರು. ಹಾಗಾಗಿ ತಂಗಿಯ ಮಗಳನ್ನು ಕರೆತಂದು ಕೆಲಸ ಕಲಿಸುತ್ತಿದ್ದಾರೆ. ಯಜಮಾನರಿಗೋ ಕರೆಂಟ್ ಒಲೆಯ ಮೇಲೆ ಕಣ್ಣು. "ಬೆಂಕಿ ಇರೋವರೆಗೂ ಇವಳು ನೋಡ್ಕೊಳ್ಳಲಿ. ಒಂದ್ಸಲ ನಂದಿದ್ರೆ ಮುಗೀತು, ಕರೆಂಟ್ ಒಲೇನೇ" ಎಂದು ಕಡ್ಡಿ ಮುರಿದಂತೆ ಹೇಳಿದ್ದರು.

ಹೋದ ತಿಂಗಳು ಅದೇ ಆಯಿತು. ದೊಡ್ಡಮ್ಮನಿಗೆ ಖುಷಿಯಾಗಲಿ ಎಂದು ಅವಳು ಬೂದಿಯನ್ನೆಲ್ಲ ಗುಡಿಸಿ ಹೊರಗೆ ಹಾಕಿ, ಕೆಂಡವನ್ನು ಮಾತ್ರ ಚೊಕ್ಕಟವಾಗಿ ಗುಡ್ಡೆ ಮಾಡಿಟ್ಟು ಮನೆಗೆ ಹೋಗಿದ್ದಳು. ಹೊದಿಕೆಯಿಲ್ಲದ ಕೆಂಡ ಬೆಳಗಾಗುವಷ್ಟರಲ್ಲಿ ಉರಿದು ಮುಗಿದಿತ್ತು. "ನನ್ನ ಕೈಯಾರೆ ಎಲ್ಲ ಹಾಳು ಮಾಡ್ಬಿಟ್ಟೆ ದೊಡ್ಡಮ್ಮಾ" ಎಂದು ಒಲೆಯ ಮುಂದೆ ಕುಸಿದು ಕೂತಳು.

ಕೆಂಡಕ್ಕ ಬೈಯಲಿಲ್ಲ. ಬಾಣಲೆ ಹಿಡಿದು ನೇರ ಎದುರಿನ ಇಸ್ತ್ರಿ ಅಂಗಡಿಗೆ ನಡೆದರು. ಇಸ್ತ್ರಿಯವರು ತಮ್ಮ ಪೆಟ್ಟಿಗೆಗೆ ದಿನಾ ಸಂಜೆ ಕೆಂಡ ಒಯ್ಯುವುದು ಇದೇ ಒಲೆಯಿಂದ. ಉಳಿದದ್ದನ್ನು ಬೆಳಗಿನ ಕೆಲಸಕ್ಕೆಂದು ಅವರೂ ಬೂದಿ ಮುಚ್ಚಿ ಇಟ್ಟುಕೊಳ್ಳುತ್ತಾರೆ. "ತಗೊಳ್ಳಕ್ಕಾ, ನಿಮ್ಮದೇ ಅಲ್ವಾ" ಎಂದು ಬಾಣಲೆ ತುಂಬಿಸಿ ಕೊಟ್ಟರು.

ಯಜಮಾನರು ಬರುವ ಹೊತ್ತಿಗೆ ಒಲೆ ಉರಿಯುತ್ತಿತ್ತು. ಆದರೆ ಗೋಡೆಗೂ ಕಿವಿ ಇರುತ್ತದಲ್ಲ, ಸುದ್ದಿ ಅವರಿಗೆ ಮುಟ್ಟಿತ್ತು.

"ನಂದಿತ್ತಂತಲ್ಲ?"

"ನಂದೋದು ಅಂದ್ರೆ ಎಲ್ಲಿ ಹುಡುಕಿದ್ರೂ ಸಿಗಬಾರ್ದು ಯಜಮಾನ್ರೇ. ಇದು ಎದುರುಮನೇಲಿತ್ತು. ಕರ್ಕೊಂಡು ಬಂದೆ."

ಯಜಮಾನರು ತಲೆ ಕೆರೆದುಕೊಂಡರು. ಬಿಸಿ ಬನ್ನೊಂದನ್ನು ಮುರಿದು ಬಾಯಿಗಿಟ್ಟು, "ಸರಿ, ನಡೀಲಿ" ಎಂದರು.

ಈಗ ಸಂಜೆ ಇಸ್ತ್ರಿಯವರಿಗೆ ಕೆಂಡ ಕೊಡುವುದು, ಒಲೆಗೆ ಬೂದಿ ಮುಚ್ಚುವುದು, ಎರಡೂ ತಂಗಿಯ ಮಗಳದ್ದೇ ಕೆಲಸ. ಕೆಂಡಕ್ಕ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಉಸ್ತುವಾರಿ ಮಾಡುತ್ತಾರೆ. ಅಂದರೆ ವಟವಟ ಎನ್ನುತ್ತಿರುತ್ತಾರೆ. ಇನ್ನೇನು ಆಸೆಯಿದೆ ಎಂದು ಕೇಳಿದೆ. ಸೆರಗಿನಿಂದ ಕಣ್ಣೊರೆಸಿಕೊಂಡು, ಮಗಳು ನಿಂತ ಕಡೆ ಮುಖ ಮಾಡಿದರು.

"ನಾನಿಲ್ದೇ ಇರೋ ದಿನ ಯಾರಾದ್ರೂ ಬಾಗಿಲಲ್ಲಿ ನಿಂತು ಕೆಂಡಕ್ಕಾ ಅಂತ ಕೂಗ್ತಾರಲ್ಲ, ಆಗ ಇವಳು 'ಬಂದೇ' ಅನ್ಬೇಕು. ಅಷ್ಟೇ ಕಣಪ್ಪಾ."