ಹತ್ತು ಗಂಟೆಯ ಕಂಪನ

ಲಕ್ಕವಳ್ಳಿ ಡ್ಯಾಮಿನ ಹತ್ತಿರ ಭೂಕಂಪ ಅಳೆಯುವ ಮಷೀನಿತ್ತು. ಅದರ ಹಳೇ ಕಾಗದದ ಸುರುಳಿಗಳನ್ನೆಲ್ಲ ಹೊಸ ರಿಜಿಸ್ಟರಿಗೆ ಏರಿಸುವ ಕೆಲಸ ನನ್ನದು. ಒಂದು ತಿಂಗಳ ಸುರುಳಿಗಳಲ್ಲಿ ದಿನಾ ಬೆಳಿಗ್ಗೆ ಹತ್ತಕ್ಕೆ ಗೆರೆ ಎದ್ದು ಕುಣಿದಿತ್ತು. ದೊಡ್ಡ ಶೋಧವೇ ಸಿಕ್ಕಿತೆಂದು ಹಿಗ್ಗಿ, ಮೇಲಿನವರಿಗೆ ವರದಿ ಬರೆಯಲು ಕೂತೆ.

ಮಷೀನಿಗೆ ಕಾಗದ ಸುತ್ತುವ ರಂಗಪ್ಪ ಇಣುಕಿ ನೋಡಿ, "ಮೊದ್ಲು ಹಿಂದುಗಡೆ ತಿರುಗ್ಸಿ ಸಾರ್" ಅಂದ.

ಪ್ರತಿ ಸುರುಳಿಯ ಬೆನ್ನ ಮೇಲೂ ಪೆನ್ಸಿಲಿನಲ್ಲಿ ಬರೆದಿತ್ತು: "ನಮ್ಮೆಮ್ಮೆ ಮಷೀನ್ ರೂಮಿನ ಗೋಡೆಗೆ ಮೈ ಉಜ್ಜಿತು."

"ಇದೇನಯ್ಯಾ ರಂಗಪ್ಪ!"

"ಅಲ್ಲಾಡಿದ್ದು ದಿಟ ಸಾರ್. ಭೂಮಿ ಮೇಲೆ ಸುಳ್ಳು ಅಪವಾದ ಯಾಕೆ ಅಂತ ಬರ್ದಿಟ್ಟೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ವರದಿ ಹರಿದುಹಾಕಿ, ರಿಜಿಸ್ಟರಿನಲ್ಲಿ 'ಎಮ್ಮೆ' ಅಂತ ಇನ್ನೊಂದು ಕಾಲಂ ಎಳೆದೆ. ಭೂಕಂಪದ ಕಾಲಂಗಿಂತ ಮೊದಲು ತುಂಬಿದ್ದು ಅದೇ.